ಆರನೆಯ ವರ್ಷದ ಬೇರು

ಕೇಸೊಂಗ್, ದಕ್ಷಿಣ ಪೇಟೆ
೨ ಏಪ್ರಿಲ್ ೧೯೪೬

ದೊಲ್ಸ್ವೆ,

ಈ ಕಾಗದವನ್ನು ಓದಬಲ್ಲ ಯಾರಿಂದಾದರೂ ಓದಿಸಿಕೋ. ಊರಿನ ಮೇಷ್ಟ್ರು ಇನ್ನೂ ಅಲ್ಲೇ ಇದ್ದರೆ ಅವರಿಂದ ಓದಿಸು. ಎರಡು ಸಲ ಓದಿಸು.

ನನ್ನ ತೋಟದ ಕೆಳತುದಿಯಲ್ಲಿ ನಿಂತರೆ ಮೇಲಿನ ಪಾತಿಗಳಲ್ಲಿ ನೀನು ಬಗ್ಗಿ ಕೆಲಸ ಮಾಡುವುದು ಕಾಣುತ್ತದೆ. ನಡುವೆ ಅರವತ್ತು ಹೆಜ್ಜೆ. ಆ ಅರವತ್ತು ಹೆಜ್ಜೆ ದಾಟಲಾಗದೆ ನಾನು ಪೇಟೆಗೆ ಬಂದು, ಅಂಚೆಚೀಟಿ ಹಚ್ಚಿ, ರೈಲು ನಿಲ್ದಾಣದಲ್ಲಿ ಉತ್ತರದವರೂ ದಕ್ಷಿಣದವರೂ ಅಂಚೆಚೀಲ ಬದಲಾಯಿಸಿಕೊಳ್ಳುವ ದಿನಕ್ಕೆ ಕಾಯಬೇಕಾಗಿದೆ. ಮೊನ್ನೆ ನಿನ್ನನ್ನು ಕೂಗಿ ಕರೆದೆ. ನಿನಗೂ ಕೇಳಿಸಿತು, ತಲೆಯೆತ್ತಿದೆ. ಅಷ್ಟರಲ್ಲಿ ನಿಮ್ಮ ಕಡೆಯ ರಷ್ಯದ ಸಿಪಾಯಿ ಬಂದೂಕು ಎತ್ತಿದ, ನಮ್ಮ ಕಡೆಯ ಅಮೆರಿಕದವನು ನನ್ನ ತೋಳು ಹಿಡಿದು ಎಳೆದ. ಗಡಿಯಾಚೆಗೆ ಕೂಗಿದರೆ ಅದು ಬೇಹುಗಾರಿಕೆಯಂತೆ. ನನ್ನನ್ನು ಅಟ್ಟಿದ ಮೇಲೆ ಅವರಿಬ್ಬರೂ ಗಡಿಯ ಕಂಬಕ್ಕೆ ಒರಗಿ ಒಂದೇ ಕಡ್ಡಿಯಲ್ಲಿ ಸಿಗರೇಟು ಹಚ್ಚಿಕೊಂಡರು.

ಜಪಾನಿನವರು ತೊಲಗಿದ ದಿನ ಬೀದಿಯಲ್ಲಿ ಕುಣಿದವರಲ್ಲಿ ನಾನೂ ಒಬ್ಬ. ಮೂವತ್ತೈದು ವರ್ಷದ ಪೀಡೆ ಕಳೆಯಿತೆಂದುಕೊಂಡೆ. ಯುದ್ಧ ಗೆದ್ದ ಎರಡು ದೊಡ್ಡ ದೇಶಗಳವರು ಎಲ್ಲೋ ಕೂತು ನಮ್ಮ ದೇಶದ ನಕಾಶೆಯ ಮೇಲೆ ಗೆರೆ ಎಳೆದರು. ಆ ಗೆರೆ ಬಂದು ನನ್ನ ನಲವತ್ತು ಪಾತಿಗಳ ನಡುವೆ ಕೂತಿತು. ಇಪ್ಪತ್ತೆರಡು ಮೇಲಕ್ಕೆ, ಹದಿನೆಂಟು ಕೆಳಕ್ಕೆ.

ಉಳುವವನೇ ಹೊಲದೊಡೆಯ ಎಂದು ಕಳೆದ ತಿಂಗಳು ನಿಮ್ಮ ಕಡೆ ಕಾನೂನು ಬಂದಿತೆಂದೂ, ಮೇಲಿನ ಇಪ್ಪತ್ತೆರಡು ಪಾತಿಯ ನೆಲವನ್ನು ನಿನ್ನ ಹೆಸರಿಗೆ ಬರೆದುಕೊಟ್ಟರೆಂದೂ ಕೇಳಿದೆ. ನೆಲ ಇಟ್ಟುಕೋ. ನಾನು ಬೇಡಲು ಬರೆಯುತ್ತಿಲ್ಲ. ವಾಂಗ್ ಮನೆತನದವರು ಐನೂರು ವರ್ಷದ ಹಿಂದೆ ಸಿಂಹಾಸನ ಕಳೆದುಕೊಂಡಾಗಲೂ ಯಾರನ್ನೂ ಬೇಡಿದವರಲ್ಲ.

ಆದರೆ ಆ ಪಾತಿಗಳ ಜಿನ್ಸೆಂಗ್ ಮದ್ದಿನ ಬೇರಿನ ವಿಷಯ ಹಾಗಲ್ಲ. ನಾವು ಬಿತ್ತಿದ್ದು ಈ ವಸಂತಕ್ಕೆ ನಾಲ್ಕನೆಯ ವರ್ಷಕ್ಕೆ ಕಾಲಿಟ್ಟಿದೆ. ನನ್ನ ಅಜ್ಜನ ಕಾಲದಿಂದ ನಮ್ಮ ಬೇರು ಆರು ವರ್ಷ ತುಂಬದೆ ಮಣ್ಣಿನಿಂದ ಎದ್ದದ್ದಿಲ್ಲ. ಆರನೆಯ ವರ್ಷದ ಶರತ್ಕಾಲದಲ್ಲಿ ಮೊದಲ ಬೇರು ಎತ್ತಿದಾಗ ಮನೆಯ ಯಜಮಾನ ಬೆಟ್ಟಕ್ಕೆ ಮುಖಮಾಡಿ “ಇದು ವಾಂಗ್ ಮನೆಯ ಬೇರು” ಎಂದು ಮೂರು ಸಲ ಕೂಗುವುದು ನಮ್ಮ ಪದ್ಧತಿ. ಅದನ್ನು ಕೇಳುತ್ತಲೇ ನೀನು ಬೆಳೆದೆ. ೧೯೪೮ರ ಶರತ್ಕಾಲಕ್ಕೆ ಮೊದಲು ಒಂದು ಬೇರನ್ನೂ ಮುಟ್ಟಬೇಡ. ನೆಲ ಯಾರದ್ದೇ ಆಗಲಿ, ಬೇರು ನಮ್ಮ ಮನೆಯದು.

ವಾಂಗ್ ಜೇಗ್ಯು


ಸಾಮ್‌ಗೋಲ್
೧೧ ಮೇ ೧೯೪೬

ವಾಂಗ್ ಜೇಗ್ಯು ಅವರಿಗೆ,

ನಾನು ಹೇಳುತ್ತಿದ್ದೇನೆ, ಸೊಸೆ ಬರೆಯುತ್ತಿದ್ದಾಳೆ. “ಧಣಿಗಳೇ” ಎಂದು ಶುರು ಮಾಡಿದೆ, ಅವಳು ಬರೆಯಲಿಲ್ಲ. “ಮಾವ, ಆ ಪದ ಈಗ ಎತ್ತಂಗಿಲ್ಲ” ಅಂದಳು. “ಮತ್ತೇನಂತ ಕರೀಲಿ ತಾಯಿ, ಹುಟ್ಟಿದಾಗಿಂದ ಅದೇ ಕರೆದಿದೀನಿ” ಅಂದೆ. “ಹೆಸರಿಲ್ವಾ ಅವರಿಗೆ?” ಅಂದಳು. ಇದೆ ಎಂದು ಆಗ ನೆನಪಾಯಿತು. ನಿಮ್ಮ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಆಕಾಶವೇನೂ ಕಳಚಿ ಬೀಳಲಿಲ್ಲ.

ನಿಮ್ಮ ಕಾಗದ ಮೂವತ್ತೊಂದು ದಿನ ನಡೆದು ಬಂದಿತು. ಎರಡು ಸಲ ಅಲ್ಲ, ನಾಲ್ಕು ಸಲ ಓದಿಸಿದೆ. ಮೂರನೆಯ ಸಲಕ್ಕೆ ಸಿಟ್ಟು ಬಂತು, ನಾಲ್ಕನೆಯ ಸಲಕ್ಕೆ ನಗು ಬಂತು. ಆರು ವರ್ಷಕ್ಕೆ ಮೊದಲು ಬೇರು ಕೀಳಬೇಡ ಎಂದು ನೀವು ನನಗೆ ಹೇಳಿಕೊಡುತ್ತೀರಿ! ಮೀನಿಗೆ ಈಜು ಕಲಿಸಿದ ಹಾಗಾಯಿತು. ಜುಲೈ ತಿಂಗಳಲ್ಲಿ ಕೆಂಪು ಹಣ್ಣು ಬಿಡಿಸಿ, ಬೀಜ ತೊಳೆದು, ಮರಳಲ್ಲಿ ಹೂತು, ಬಾಯಿ ಬಿಡುವ ತನಕ ನೂರು ದಿನ ನೀರು ಚಿಮುಕಿಸಿದವನು ನಾನು. ನೀವು ಪೇಟೆಯಿಂದ ಬಿಳಿ ಅಂಗಿ ತೊಟ್ಟು ಬಂದು ಬೆಟ್ಟಕ್ಕೆ ಮುಖಮಾಡಿ ಕೂಗಿದವರು.

ಆ ಕೂಗಿನ ಬಗ್ಗೆ ಬರೆದಿದ್ದೀರಿ, ಅದಕ್ಕೇ ಹೇಳುತ್ತೇನೆ. ನನ್ನ ಅಜ್ಜ ಮಂಡಿಯೂರಿ ಬೇರು ಎತ್ತಿಕೊಟ್ಟ, ನಿಮ್ಮ ಅಜ್ಜ ಕೂಗಿದರು. ನನ್ನ ಅಪ್ಪ ಎತ್ತಿಕೊಟ್ಟ, ನಿಮ್ಮ ತಂದೆ ಕೂಗಿದರು. ಆಮೇಲೆ ನಾನು, ನೀವು. ಪ್ರತಿಸಲವೂ ಒಂದು ಮಾತು ನುಂಗಿಕೊಂಡೆ. ಈಗ ಹೇಳುತ್ತೇನೆ. ೪೮ರ ಶರತ್ಕಾಲದಲ್ಲಿ ಮೇಲಿನ ಪಾತಿಯ ಮೊದಲ ಬೇರನ್ನು ಎತ್ತಿ ಹಿಡಿಯುತ್ತೇನೆ. ನೀವು ಕೆಳಗೆ ನಿಂತು ನೋಡಿ, ಅದು ಯಾರ ಮನೆಯ ಬೇರು ಎಂದು ನಿಮ್ಮ ಬಾಯಿಂದ ಹೇಳಬೇಕು. ನೆಲದ ಕಾಗದ ಕೊಟ್ಟ ಸಮಿತಿಯವರು ಈಗಲೇ ಬೇಕಾದರೂ ನನ್ನದೇ ಅನ್ನುತ್ತಾರೆ. ಆದರೆ ಅವರಿಗೆ ಬೇರಿಗೂ ಮೂಲಂಗಿಗೂ ವ್ಯತ್ಯಾಸ ತಿಳಿಯದು. ದೂರದಿಂದ ನೋಡಿಯೇ ಬೇರಿನ ಯೋಗ್ಯತೆ ಹೇಳುವ ಕಣ್ಣು ಈ ಸೀಮೆಯಲ್ಲಿ ನಿಮ್ಮದೊಂದೇ. ನನಗೆ ಇನ್ನೇನೂ ಬೇಡ.

ಸೊಸೆಗೆ ಹೆಣ್ಣುಮಗು ಆಗಿದೆ. ಸುನಿ ಎಂದು ಹೆಸರಿಟ್ಟೆವು. ಕೆಳಗಿನ ಹದಿನೆಂಟು ಪಾತಿಗಳನ್ನು ಯಾರು ನೋಡಿಕೊಳ್ಳುತ್ತಿದ್ದಾರೆ? ಯಾರೇ ಆಗಲಿ, ಕೈ ಬಿಗಿ ಇರಲಿ. ನೀರು ಹೆಚ್ಚಾದರೂ ಗೊಬ್ಬರ ಹೆಚ್ಚಾದರೂ ಅದು ಸಾಯುತ್ತದೆ.

ಸಾಮ್‌ಗೋಲಿನ ಮಾ


ಕೇಸೊಂಗ್
೨೦ ಆಗಸ್ಟ್ ೧೯೪೬

ದೊಲ್ಸ್ವೆ,

ಸೊಸೆಯ ಅಕ್ಷರ ಚೆನ್ನಾಗಿದೆ. ನಾಲಿಗೆಯೂ ಚೆನ್ನಾಗಿಯೇ ಇರಬೇಕು.

ಕೂಲಿಯಾಳುಗಳು ಗಡಿಯ ಭಯಕ್ಕೆ ತೋಟಕ್ಕೆ ಬರುವುದಿಲ್ಲ. ಹದಿನೆಂಟು ಪಾತಿಗಳನ್ನೂ ನಾನೇ ನೋಡಿಕೊಳ್ಳುತ್ತಿದ್ದೇನೆ. ಎಲ್ಲ ಚೆನ್ನಾಗಿದೆ. ನಾಲ್ಕನೆಯ ವರ್ಷದ ಬೀಜ ಬಿಡಿಸಿದ್ದೂ ಆಯಿತು. ನೀನು ಹೇಳುವಷ್ಟು ಕಷ್ಟದ ಕೆಲಸವೇನಲ್ಲ ಅದು.

ರಾಜಧಾನಿಯಲ್ಲಿ ರಷ್ಯದವರೂ ಅಮೆರಿಕದವರೂ ನಮ್ಮ ದೇಶವನ್ನು ಒಂದು ಮಾಡುವ ಮಾತುಕತೆಗೆ ಕೂತು, ಯಾರನ್ನು ಕರೆಯಬೇಕು ಯಾರನ್ನು ಬಿಡಬೇಕು ಎಂಬಲ್ಲೇ ಮುರಿದುಕೊಂಡು ಎದ್ದರಂತೆ. ನಮ್ಮ ಕಂಬದ ಬಳಿಯ ಇಬ್ಬರು ಸಿಪಾಯಿಗಳು ಮಾತ್ರ ಮೊನ್ನೆ ಒಂದು ಕಲ್ಲಂಗಡಿ ಹಣ್ಣನ್ನು ಕತ್ತಿಯಿಂದ ಸರಿಯಾಗಿ ಎರಡು ಮಾಡಿಕೊಂಡು ತಿಂದರು. ಅದು ನನ್ನ ಕಲ್ಲಂಗಡಿ.

ನೀನು ಕೇಳಿದ ಮಾತಿಗೆ ಈಗ ಉತ್ತರ ಕೊಡುವುದಿಲ್ಲ. ಬೇರನ್ನು ನೋಡಿ ಹೇಳುವುದು ನನ್ನ ರೂಢಿ, ನೋಡದೆ ಹೇಳುವುದಲ್ಲ.

ವಾಂಗ್ ಜೇಗ್ಯು


ಸಾಮ್‌ಗೋಲ್
೧೬ ಫೆಬ್ರವರಿ ೧೯೪೭

ವಾಂಗ್ ಜೇಗ್ಯು ಅವರಿಗೆ,

ಇದು ನನ್ನ ಕೈ ಬರಹ. ಸೊಸೆ ಮುಟ್ಟಿಲ್ಲ. ಚಳಿಗಾಲ ಪೂರ್ತಿ ಊರ ಶಾಲೆಗೆ ಹೋದೆ. ಬೆಂಚಿನ ಮೇಲೆ ನನ್ನ ಪಕ್ಕ ನನ್ನ ಹೆಂಡತಿ. ಅವಳು ನನಗಿಂತ ಬೇಗ ಕಲಿತಳು, ಅದನ್ನು ದಿನಕ್ಕೆ ಹತ್ತು ಸಲ ಹೇಳುತ್ತಾಳೆ. ಈ ಕಾಗದಕ್ಕೆ ನಾಲ್ಕು ದಿನ ಹಿಡಿಯಿತು. ಬೆರಳಿಗಿಂತ ಕುತ್ತಿಗೆ ನೋಯುತ್ತದೆ. ಐವತ್ತಾರು ವರ್ಷದ ಮೇಲೆ ನಾನು ಬರೆಯುತ್ತಿದ್ದೇನೆ. ನನಗೆ ಬಹಳ ಹೆಮ್ಮೆ. ಅದನ್ನು ಯಾಕೆ ಮುಚ್ಚಿಡಲಿ.

ನನ್ನ ಹೆಸರು ಮಾ ಹಾಕ್ಸು. ದೊಲ್ಸ್ವೆ ಅಂದರೆ ಕಲ್ಲು ಕಬ್ಬಿಣ. ಅದು ನಿಮ್ಮ ಮನೆಯವರು ಆಳಿಗೆ ಇಟ್ಟ ಹೆಸರು. ಅಪ್ಪ ಇಟ್ಟದ್ದು ಹಾಕ್ಸು. ನಿಮಗೆ ಗೊತ್ತಿರಲಿಕ್ಕಿಲ್ಲ.

ಇನ್ನೊಂದು ಮಾತು. ಎಲ್ಲ ಚೆನ್ನಾಗಿದೆ ಎಂದು ಬರೆದಿರಿ. ಮೇಲಿನಿಂದ ನೋಡಿದರೆ ಕೆಳಗಿನ ಆರನೆಯ, ಏಳನೆಯ ಪಾತಿಗಳ ಮೇಲೆ ಹುಲ್ಲಿನ ಚಪ್ಪರ ಇಲ್ಲ. ಕಿತ್ತು ಹಾಕಿದ್ದೀರಿ. ಬೇರು ಇರುವ ಪಾತಿಯ ಚಪ್ಪರವನ್ನು ಯಾರೂ ಕೀಳುವುದಿಲ್ಲ. ಗೊಬ್ಬರ ಹಾಕಿದಿರಾ?

ಮಾ ಹಾಕ್ಸು


ಕೇಸೊಂಗ್
೩೦ ಏಪ್ರಿಲ್ ೧೯೪೭

ದೊಲ್ಸ್ವೆ,

ಹಾಕಿದೆ.

ಈ ಒಂದು ಮಾತು ಬರೆಯಲು ನನಗೆ ಐದು ವಾರ ಬೇಕಾಯಿತು. ನಿನಗೆ ಇಡೀ ಕಾಗದ ಬರೆಯಲು ನಾಲ್ಕೇ ದಿನ ಹಿಡಿಯಿತು.

ನಿನ್ನ ಮೊದಲ ಕಾಗದ ಬಂದ ಮೇಲೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಮೇಲಿನ ಬೇರಿಗಿಂತ ಕೆಳಗಿನದು ದಪ್ಪ ಆಗಬೇಕು, ಆಮೇಲೆ ನೋಡೋಣ ಯಾರ ಬೇರು ಎಂದು, ಹೀಗೆಲ್ಲ ಯೋಚಿಸಿ ಕಳೆದ ಶರತ್ಕಾಲದಲ್ಲಿ ಸೋಯಾ ಹಿಂಡಿಯನ್ನು ಪುಡಿಮಾಡಿ ಎರಡು ಪಾತಿಗೆ ಚೆನ್ನಾಗಿ ಕೊಟ್ಟೆ. ಭತ್ತಕ್ಕೆ ಆಗಿಬರುವುದು ಇದಕ್ಕೆ ಯಾಕಾಗದು ಎಂದುಕೊಂಡೆ. ಹಿಮ ಬೀಳುವ ಮೊದಲು ಅನುಮಾನ ಬಂದು ಅಗೆದು ನೋಡಿದರೆ ಬೇರೆಲ್ಲ ಕೆಂಪಾಗಿ ಕೊಳೆತು, ಬೆರಳಿಗೆ ಅಂಟುತ್ತಿತ್ತು. ನಾಲ್ಕು ವರ್ಷ ಬೆಳೆದದ್ದು. ಅಲ್ಲೇ ಕೂತು ಅತ್ತೆ. ಅಮೆರಿಕದ ಸಿಪಾಯಿ ಬಂದು ನನ್ನ ಕೈಗೆ ಒಂದು ಚಾಕಲೇಟು ಕೊಟ್ಟು ಹೋದ.

ಮನೆಯವಳು ಸುಮ್ಮನಿರುತ್ತಾಳೆಯೇ?

“ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅನ್ನೋರು ನೀವು. ಈಗ ಮೀಸೆ ತುಂಬಾ ಮಣ್ಣಿದೆ, ಒರೆಸ್ಕೊಂಡು ಅವನನ್ನ ಕೇಳಿ.”

“ನನ್ನ ಆಳನ್ನ ನಾನು ಕೇಳ್ಬೇಕಾ?”

“ಆಳು ಎಲ್ಲಿದಾನೆ? ಆಳೂ ಇಲ್ಲ, ಧಣೀನೂ ಇಲ್ಲ. ಬೇರು ಗೊತ್ತಿರೋನು ಒಬ್ಬ ಇದಾನೆ, ಗೊತ್ತಿಲ್ದೋನು ಒಬ್ಬ ಇದೀರಿ.”

ಮೂವತ್ತೆಂಟು ವರ್ಷ ಸಂಸಾರ ಮಾಡಿದವಳು, ಎಲ್ಲಿ ಹೊಡೆದರೆ ನೋಯುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತು.

ಉಳಿದಿರುವ ಹದಿನಾರು ಪಾತಿಗಳ ಮಣ್ಣಿಗೂ ಅಂಚಿನಲ್ಲಿ ಸ್ವಲ್ಪ ಹಿಂಡಿ ಬಿದ್ದಿದೆ. ಏನು ಮಾಡಬೇಕು? ನಾನು ಕೇಳುತ್ತಿದ್ದೇನೆ.

ವಾಂಗ್ ಜೇಗ್ಯು


ಸಾಮ್‌ಗೋಲ್
೮ ಜೂನ್ ೧೯೪೭

ವಾಂಗ್ ಜೇಗ್ಯು ಅವರಿಗೆ,

ನಿಮ್ಮ ಮನೆಯಮ್ಮನವರಿಗೆ ನನ್ನ ನಮಸ್ಕಾರ ಮೊದಲು.

ಅಂಚಿನ ಮಣ್ಣನ್ನು ಒಂದು ಗೇಣು ಅಗಲ ಕೆರೆದು ತೆಗೆಯಿರಿ. ಸನಿಕೆ ಬೇಡ, ಕೈಯಲ್ಲಿ. ಸನಿಕೆಗೆ ಕಣ್ಣಿಲ್ಲ. ಆ ಜಾಗಕ್ಕೆ ಬೆಟ್ಟದ ಮೇಲಿನ ಕಾಡಿನಲ್ಲಿ ಮೂರು ವರ್ಷ ಕೊಳೆತ ಎಲೆಮಣ್ಣನ್ನು ಜರಡಿ ಹಿಡಿದು ತುಂಬಿ. ಹಿಡಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ಬೆರಳಿಂದ ತಟ್ಟಿದರೆ ಉದುರಬೇಕು. ಚಪ್ಪರ ಉತ್ತರಕ್ಕೆ ಬಾಯಿ ಬಿಟ್ಟಿರಲಿ, ದಕ್ಷಿಣದ ಬಿಸಿಲು ಒಂದು ಗಳಿಗೆ ಬಿದ್ದರೂ ಎಲೆ ಸುಡುತ್ತದೆ. ಮಳೆಗಾಲದಲ್ಲಿ ಪಾತಿಗಳ ನಡುವಿನ ಕಾಲುವೆಯಲ್ಲಿ ನೀರು ನಿಂತರೆ ರಾತ್ರಿ ನಿದ್ದೆ ಮಾಡಬೇಡಿ. ಹೂವಿನ ಕಾಂಡ ಎದ್ದ ಕೂಡಲೇ ಚಿವುಟಿ. ನಾಲ್ಕನೆಯ ವರ್ಷ ಬೀಜ ತೆಗೆದಾಯಿತು, ಇನ್ನು ಅದರ ಜೀವವೆಲ್ಲ ಕೆಳಗೆ ಇಳಿಯಲಿ.

ಇಷ್ಟು ಮಾಡಿದರೆ ನಿಮಗೆ ಬೆನ್ನು ನೋಯುತ್ತದೆ. ಸೊಂಟದ ಮೇಲೆ, ಎಡಗಡೆ. ಅಲ್ಲೇ ನನ್ನ ಅಪ್ಪನಿಗೂ ನೋಯುತ್ತಿತ್ತು, ನನಗೂ ನೋಯುತ್ತದೆ. ಬಿಸಿ ಮಾಡಿದ ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟುಕೊಳ್ಳಿ.

ಎರಡು ಪಾತಿ ಹೋದದ್ದು ಕೇಳಿ ನನಗೂ ಅಳು ಬಂತು. ಅವನ್ನು ಬಿತ್ತಿದ್ದು ನಾನೇ. ಆದರೆ ನೀವು ಕೇಳಿದಿರಿ ಎಂದು ಓದಿದಾಗ ಮನೆಯಿಂದ ಹೊರಗೆ ಹೋಗಿ ಒಬ್ಬನೇ ಸ್ವಲ್ಪ ಹೊತ್ತು ನಿಂತೆ. ಅದು ಅಳು ಅಲ್ಲ.

ಮಾ ಹಾಕ್ಸು


ಸಾಮ್‌ಗೋಲ್
೧೯ ನವೆಂಬರ್ ೧೯೪೭

ವಾಂಗ್ ಜೇಗ್ಯು ಅವರಿಗೆ,

ನಿಮ್ಮ ಉತ್ತರ ಬರಲಿಲ್ಲ. ಬೇಸಿಗೆಯಲ್ಲಿ ಚೀಲಗಳು ತಡೆದು ನಿಂತಿದ್ದವೆಂದು ಕೇಳಿದೆ. ನೀವು ಬರೆಯದಿದ್ದರೂ ನನಗೆ ಗೊತ್ತು. ಮಳೆಗಾಲದಲ್ಲಿ ಮೂರು ದಿನ ನೀವು ಮಂಡಿಮಟ್ಟ ಕೆಸರಲ್ಲಿ ಕಾಲುವೆ ತೋಡುವುದನ್ನು ಮೇಲಿನಿಂದ ನೋಡಿದೆ. ಸನಿಕೆ ಹಿಡಿಯುವುದು ಇನ್ನೂ ಬಂದಿಲ್ಲ. ಆದರೆ ಬಿಟ್ಟು ಹೋಗಲಿಲ್ಲ.

ಹೋದ ತಿಂಗಳು ನನ್ನ ಮನೆಗೆ ಸಮಿತಿಯ ಕಾರ್ಯದರ್ಶಿ ಬಂದ. ನಮ್ಮ ಮೇಷ್ಟ್ರ ತಮ್ಮನ ಮಗ, ಒಳ್ಳೆಯ ಹುಡುಗನೇ, ಆದರೆ ಆತುರ. ಜೊತೆಗೆ ನಾಲ್ಕು ಜನ, ಕೈಯಲ್ಲಿ ಗುದ್ದಲಿ.

“ಮಾ ಸಂಗಾತಿ, ಪ್ಯೊಂಗ್ಯಾಂಗ್‌ನಲ್ಲಿ ದೊಡ್ಡ ಪ್ರದರ್ಶನ ಇದೆ. ನಿಮ್ಮ ಬೇರು ಹೋಗ್ಬೇಕು. ಕೆಳಗಡೆ ಜಮೀನ್ದಾರನ ಬೇರು ಕೊಳೀತು, ಮೇಲ್ಗಡೆ ರೈತನ ಬೇರು ಬೆಳೀತು. ಇದಕ್ಕಿಂತ ದೊಡ್ಡ ಪಾಠ ಬೇಕಾ? ಇವತ್ತೇ ಕಿತ್ತುಬಿಡೋಣ.”

“ಇದಕ್ಕಿನ್ನೂ ಐದೇ ವರ್ಷ ತುಂಬಿರೋದು.”

“ಐದಾದ್ರೇನು, ಆರಾದ್ರೇನು? ನೋಡೋರಿಗೆ ಗೊತ್ತಾಗುತ್ತಾ?”

“ನೋಡೋರಿಗೆ ಗೊತ್ತಾಗಲ್ಲಪ್ಪ. ನಂಗೆ ಗೊತ್ತಾಗುತ್ತೆ.”

“ಆ ಜಮೀನ್ದಾರ ಹೇಳಿದಾನೆ ಅಂತ ಕಾಯ್ತಿದೀರಿ. ಅವನ ಕಾಗದಗಳನ್ನ ನಾವೂ ಓದಿದೀವಿ.”

“ಓದಿದ್ರೆ ಒಳ್ಳೇದೇ ಆಯ್ತು. ಹಾಗಾದ್ರೆ ಹಿಂಡಿ ಹಾಕ್ಬಾರ್ದು ಅಂತ ನೀವೂ ಕಲಿತಿರ್ತೀರಿ.”

ಜೊತೆಯವರಲ್ಲಿ ಒಬ್ಬ ನಕ್ಕ. ಕಾರ್ಯದರ್ಶಿಯ ಮುಖ ಕೆಂಪಾಯಿತು. ನಾನು ಒಳಗೆ ಹೋಗಿ ನೆಲದ ಕಾಗದ ತಂದು ಅವನ ಮುಂದೆ ಹಿಡಿದೆ. ಅದನ್ನು ನಾನೇ ಓದಿದೆ, ಗಟ್ಟಿಯಾಗಿ, ಮೊದಲಿನಿಂದ ಕೊನೆಯವರೆಗೆ, ಒಂದೂ ಕಡೆ ತಡವರಿಸದೆ. ಓದಿ ಮುಗಿಸಿ ಕೇಳಿದೆ.

“ಈ ನೆಲ ಯಾರ್ದು ಅಂತ ಬರ್ದಿದೀರಿ?”

“ನಿಮ್ದು.”

“ಇದರಲ್ಲಿ ಬೆಳ್ದಿದ್ದನ್ನ ಯಾವಾಗ ಕೀಳ್ಬೇಕು ಅಂತ ಹೇಳೋನು ಯಾರು ಹಾಗಾದ್ರೆ?”

ನನ್ನ ಹೆಂಡತಿ ಅಷ್ಟರಲ್ಲಿ ಎಲ್ಲರಿಗೂ ಬಿಸಿ ಸೂಪು, ಎಲೆಕೋಸಿನ ಹೊಸ ಕಿಮ್ಚಿ ತಂದಿಟ್ಟಳು. ಉಂಡರು, ಗುದ್ದಲಿ ಹೊತ್ತುಕೊಂಡು ಹೋದರು. ಮುಂದಿನ ವರ್ಷ ಖಂಡಿತ ಕೊಡಬೇಕು ಎಂದು ಹೇಳಿ ಹೋದರು. ಕೊಡುತ್ತೇನೆ ಅಂದೆ. ಆರು ವರ್ಷದ ಬೇರನ್ನು ಯಾರಿಗೆ ತೋರಿಸಲೂ ನನಗೆ ನಾಚಿಕೆಯಿಲ್ಲ.

ಮೊದಲು ನೋಡಬೇಕಾದವರು ನೀವು. ಮುಂದಿನ ವರ್ಷ ಅಕ್ಟೋಬರ್ ಐದು, ಬೆಳಗ್ಗೆ ಮಂಜು ಸರಿಯುವ ಹೊತ್ತಿಗೆ ಎತ್ತುತ್ತೇನೆ.

ಮಾ ಹಾಕ್ಸು


ಕೇಸೊಂಗ್
೬ ಜುಲೈ ೧೯೪೮

ದೊಲ್ಸ್ವೆ,

ನಿನ್ನ ಎರಡು ಕಾಗದಗಳೂ ಬಂದವು, ಮೊದಲನೆಯದು ಮಳೆ ಹಿಡಿಯುವ ಹೊತ್ತಿಗೇ, ಎರಡನ್ನೂ ಯಾರೋ ತೆರೆದು ಓದಿ ಮತ್ತೆ ಅಂಟಿಸಿದ್ದರು. ಓದಿದವರಿಗೂ ಕಾಲುವೆ ತೋಡಲು ಬರುತ್ತದೆಂದು ಭಾವಿಸುತ್ತೇನೆ. ಹದಿನಾರೂ ಪಾತಿ ಉಳಿದವು. ಉಪ್ಪಿನ ಗಂಟು ಪ್ರತಿ ಸಂಜೆ ಕಟ್ಟಿಕೊಳ್ಳುತ್ತೇನೆ.

ಈ ಸಲ ನಾನು ಹೇಳುವುದೂ ಇದೆ. ಮೇ ತಿಂಗಳಲ್ಲಿ ನಮ್ಮ ಕಡೆ ಚುನಾವಣೆ ಆಯಿತು, ಅದಾದ ನಾಲ್ಕೇ ದಿನಕ್ಕೆ ನಿಮ್ಮ ಕಡೆಯವರು ವಿದ್ಯುತ್ ನಿಲ್ಲಿಸಿದರು. ಇನ್ನು ಇಲ್ಲೊಂದು ಸರ್ಕಾರ, ಅಲ್ಲೊಂದು ಸರ್ಕಾರ ಆಗುತ್ತದಂತೆ. ಜರ್ಮನಿಯ ರಾಜಧಾನಿಯನ್ನೂ ಇದೇ ಎರಡು ಕಡೆಯವರು ಪಾಲು ಮಾಡಿಕೊಂಡು, ಈಗ ಒಬ್ಬರು ದಾರಿ ಮುಚ್ಚಿದರೆ ಇನ್ನೊಬ್ಬರು ಆಕಾಶದಲ್ಲಿ ಹಿಟ್ಟು, ಕಲ್ಲಿದ್ದಲು ಸಾಗಿಸುತ್ತಿದ್ದಾರೆಂದು ಪತ್ರಿಕೆಯಲ್ಲಿ ಓದಿದೆ. ಕೋಣಗಳೆರಡು ಗುದ್ದಾಡಿದರೆ ನಡುವಿನ ಗಿಡಕ್ಕೆ ಸಾವು ಎನ್ನುತ್ತಾರೆ. ನಮ್ಮ ಗಿಡ ಸಾಯಲಿಲ್ಲ, ಅದನ್ನು ನಾನು ಈ ಕಾಗದ ತೆರೆಯುವ ಎಲ್ಲರಿಗೂ ತಿಳಿಸಬಯಸುತ್ತೇನೆ.

ಅಮೆರಿಕದ ಅಧಿಕಾರಿಯೊಬ್ಬ ದುಭಾಷಿಯನ್ನೂ ಅಳತೆಪಟ್ಟಿಯನ್ನೂ ತೆಗೆದುಕೊಂಡು ಬಂದಿದ್ದ. “ಸಾಹೇಬ್ರು ಕೇಳ್ತಿದಾರೆ, ಮೇಲಿನ ಕಮ್ಯುನಿಸ್ಟರ ಬೇರಿಗಿಂತ ನಿಮ್ದು ದಪ್ಪ ಇದೆ ಅಂತ ಬರ್ಕೊಡ್ತೀರಾ?” ಎಂದ ದುಭಾಷಿ. “ಮಣ್ಣೊಳಗೆ ಇರೋದನ್ನ ನಾನು ಬರ್ಕೊಡಲ್ಲ, ಅಕ್ಟೋಬರ್‌ಗೆ ಬನ್ನಿ” ಎಂದೆ. ಅವನು ಬಗ್ಗಿ ಒಂದು ಗಿಡಕ್ಕೆ ಕೈ ಹಾಕಿದ. ಆ ಕೈ ಮೇಲೆ ನಾನು ಹೊಡೆದೆ. ಹೌದು, ಹೊಡೆದೆ, ಎಲೆ ಮುಟ್ಟುವ ಮಕ್ಕಳಿಗೆ ನೀನು ಹೊಡೆಯುತ್ತಿದ್ದ ಹಾಗೆ. ಅವನು ಗಾಬರಿಯಾಗಿ ಕ್ಷಮೆ ಕೇಳಿದ. ಸಂಭಾವಿತ ಮನುಷ್ಯ.

ಕಂಬದ ಬಳಿ ಈಗ ಅಮೆರಿಕದವನೂ ಇಲ್ಲ, ರಷ್ಯದವನೂ ಇಲ್ಲ. ಎರಡೂ ಕಡೆ ನಮ್ಮವರೇ ಹುಡುಗರು. ಪರದೇಶದವರಿಗೆ ನಮ್ಮ ಭಾಷೆ ಬರುತ್ತಿರಲಿಲ್ಲ, ಹಾಗಾಗಿ ಒಬ್ಬರಿಗೊಬ್ಬರು ನಗುತ್ತಿದ್ದರು. ಈ ಹುಡುಗರಿಗೆ ಭಾಷೆ ಬರುತ್ತದೆ, ದಿನವಿಡೀ ಬೈದಾಡುತ್ತಾರೆ. ನಮ್ಮ ಕಡೆಯ ಪೊಲೀಸಿನವನು ಮೊನ್ನೆ ನನ್ನನ್ನು ನಿಲ್ಲಿಸಿ ಕೇಳಿದ.

“ನಿಮ್ಮ ಚಪ್ಪರಗಳೆಲ್ಲಾ ಉತ್ತರಕ್ಕೇ ಯಾಕ್ರೀ ಮುಖ ಮಾಡಿವೆ?”

“ಸೂರ್ಯ ದಕ್ಷಿಣದಲ್ಲಿದಾನೆ. ಅವನನ್ನ ಕೇಳಿ.”

“ತಮಾಷೆ ಮಾಡ್ತೀರಾ? ನೀವು ಕಾಗದ ಬರೆಯೋ ಮನುಷ್ಯ ಯಾರು, ಏನು, ನಮಗೆಲ್ಲಾ ಗೊತ್ತು.”

“ಗೊತ್ತಿದ್ರೆ ಸರಿ. ನಂಗೂ ಇತ್ತೀಚೆಗೇ ಗೊತ್ತಾಗಿದ್ದು.”

ಗಡಿಯಾಚೆ ಕೂಗಿದವರನ್ನು ಈಗ ಎಚ್ಚರಿಕೆ ಕೊಟ್ಟು ಬಿಡುವುದಿಲ್ಲ, ಒಳಗೆ ಹಾಕುತ್ತಾರೆ ಎಂದು ಹೇಳಿ ಹೋದ. ಅಕ್ಟೋಬರ್ ಐದಕ್ಕೆ ನಾನು ಕಂಬದ ಬಳಿ ಇರುತ್ತೇನೆ. ಮೊದಲು ನೀನು ಎತ್ತು, ಆಮೇಲೆ ನಾನು ಎತ್ತುತ್ತೇನೆ. ಸುಳ್ಳು ಹೇಳಿ ನಿನ್ನನ್ನು ಸಂತೋಷಪಡಿಸುವುದಿಲ್ಲ. ಕಂಡದ್ದನ್ನು ಹೇಳುತ್ತೇನೆ.

ವಾಂಗ್ ಜೇಗ್ಯು


ಕೇಸೊಂಗ್
೯ ಅಕ್ಟೋಬರ್ ೧೯೪೮

ಸುನಿಯ ಅಜ್ಜನವರಿಗೆ,

ನಾನು ವಾಂಗ್ ಅವರ ಮನೆಯವಳು. ಹೆಂಗಸು ಬರೆಯುತ್ತಿದ್ದಾಳೆಂದು ತಪ್ಪು ತಿಳಿಯಬೇಡಿ, ಬರೆಯಲು ಮನೆಯಲ್ಲಿ ಬೇರೆ ಯಾರೂ ಇಲ್ಲ. ನಮ್ಮವರು ನಾಲ್ಕು ದಿನದಿಂದ ಠಾಣೆಯಲ್ಲಿದ್ದಾರೆ.

ಐದನೆಯ ತಾರೀಕು ಬೆಳಗ್ಗೆ ಹಬ್ಬದ ಬಿಳಿ ಬಟ್ಟೆ, ಕುದುರೆಕೂದಲಿನ ಟೋಪಿ ಹಾಕಿಕೊಂಡು ಹೊರಟರು. “ಮಣ್ಣು ಕೆಲಸಕ್ಕೆ ಹೋಗೋರು ಮದುವೆ ಗಂಡಿನ ಹಾಗೆ ಹೊರಟ್ರಲ್ಲಾ” ಎಂದೆ. “ಸುಮ್ನಿರೆ, ಇವತ್ತು ಮಾನದ ಕೆಲ್ಸ” ಎಂದರು. ಮಧ್ಯಾಹ್ನ ಪೊಲೀಸರು ಬಂದು, ಗಡಿಯಾಚೆಗೆ ಏನೋ ಸಂಕೇತ ಕೂಗಿದ್ದಾರೆ, ಆಚೆಯಿಂದಲೂ ಒಬ್ಬ ಸಂಕೇತ ಕೂಗಿದ್ದಾನೆ ಎಂದು ಹೇಳಿದರು.

ಊಟ ತೆಗೆದುಕೊಂಡು ಹೋದಾಗ ಕೇಳಿದೆ. “ಏನ್ ಕೂಗಿದ್ರಿ, ಇವರಿಗೆ ಹೇಳಿಬಿಡಿ, ಮನೆಗೆ ಹೋಗೋಣ.” ಅವರು ಹೇಳುವುದು ಒಂದೇ ಮಾತು. “ಕಂಡದ್ದನ್ನ ಹೇಳ್ದೆ. ಅದನ್ನ ಇನ್ನೊಂದ್ಸಲ ಇವರ ಮುಂದೆ ಹೇಳಿ ಅಗ್ಗ ಮಾಡಲ್ಲ.” ಪೊಲೀಸರು ಕೆನ್ನೆಗೆ ಹೊಡೆದಿದ್ದಾರೆ, ತುಟಿ ಊದಿದೆ. ಆದರೆ ನಾನು ಇಷ್ಟು ವರ್ಷದಲ್ಲಿ ಅವರು ಇಷ್ಟು ನೆಟ್ಟಗೆ ಕೂತಿದ್ದು ನೋಡಿಲ್ಲ.

ಅಲ್ಲಿ ಏನಾಯಿತೆಂದು ನಿಮಗೆ ಮಾತ್ರ ಗೊತ್ತು. ದಯಮಾಡಿ ಬರೆಯಿರಿ. ನಿಮ್ಮ ಕಾಗದವನ್ನು ತೆರೆದು ಓದುವವರು ಓದಿದರೆ ನಮ್ಮವರನ್ನು ಬಿಟ್ಟಾರು.

ವಾಂಗ್ ಅವರ ಮನೆಯವಳು


ಸಾಮ್‌ಗೋಲ್
೨೭ ಅಕ್ಟೋಬರ್ ೧೯೪೮

ವಾಂಗ್ ಮನೆಯ ಅಮ್ಮನವರಿಗೆ,

ಈ ಕಾಗದವನ್ನು ನೀವು ಓದಿ, ಆಮೇಲೆ ಠಾಣೆಯವರ ಕೈಗೂ ಕೊಡಿ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ, ಒಂದು ಅಕ್ಷರ ಹೆಚ್ಚಿಲ್ಲ.

ಅವತ್ತು ಬೆಳಗ್ಗೆ ಮಂಜು ಸರಿದಿತ್ತು. ನನ್ನ ಜೊತೆ ಹೆಂಡತಿ, ಸೊಸೆ, ಸಮಿತಿಯ ಕಾರ್ಯದರ್ಶಿ, ಪ್ರದರ್ಶನಕ್ಕೆಂದು ಚಿತ್ರ ತೆಗೆಯುವವನು. ಕೆಳಗೆ ಕಂಬದ ಆಚೆ ನಿಮ್ಮವರು, ಬಿಳಿ ಬಟ್ಟೆಯಲ್ಲಿ. ಎರಡೂ ಕಡೆ ಕಾವಲಿನ ಹುಡುಗರು. ನಾನು ಮಂಡಿಯೂರಿ, ಮೊದಲ ಪಾತಿಯ ಮಣ್ಣನ್ನು ಬೆರಳಿಂದ ಬಿಡಿಸಿದೆ. ಒಂದು ಎಳೆ ಬೇರೂ ಹರಿಯದೆ ಮೇಲೆ ಬರಬೇಕು, ಅದಕ್ಕೆ ಒಂದು ಗಂಟೆ ಹಿಡಿಯಿತು. ಚಿತ್ರದವನು “ಬೇಗ ತಾತ, ಬೆಳಕು ಹೋಗುತ್ತೆ” ಅಂದ. “ಬೆಳಕು ನಾಳೆನೂ ಬರುತ್ತೆ, ಇದು ಬರಲ್ಲ” ಅಂದೆ.

ಬಂತು ಅಮ್ಮ. ತಲೆ, ಮೈ, ಎರಡು ಕಾಲು, ಕೂಸಿನ ಹಾಗೆ. ಕತ್ತಿನಲ್ಲಿ ವರ್ಷಕ್ಕೊಂದು ಬೀಳುವ ಗುರುತು ಎಣಿಸಿದೆ, ಆರು. ನಾನು ಐವತ್ತು ವರ್ಷದಲ್ಲಿ ಸಾವಿರಾರು ಎತ್ತಿದ್ದೇನೆ, ಇಂಥದ್ದು ಎತ್ತಿಲ್ಲ. ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಹಿಡಿದು ಕೆಳಗೆ ತಿರುಗಿ ನಿಂತೆ. ಅವರು ಬಹಳ ಹೊತ್ತು ನೋಡಿದರು. ಟೋಪಿ ಸರಿಮಾಡಿಕೊಂಡರು, ಬೆಟ್ಟಕ್ಕೆ ಮುಖಮಾಡಿದರು. ಅವರು ನಿಂತ ರೀತಿ ನೋಡಿ ಹಳೆಯ ಮಾತನ್ನೇ ಕೂಗುತ್ತಾರೆಂದುಕೊಂಡೆ. ಹಿಂದೆ ಯಾವಾಗಲೂ ಹೀಗೆಯೇ ನಿಲ್ಲುತ್ತಿದ್ದರು, ಹೀಗೆಯೇ ನಿಂತು ತಮ್ಮ ಮನೆಯ ಹೆಸರು ಕೂಗುತ್ತಿದ್ದರು.

“ಇದು ಮಾ ಹಾಕ್ಸು ಮನೆಯ ಬೇರು” ಎಂದು ಕೂಗಿದರು.

ಬೆಟ್ಟ ಅದನ್ನು ತಿರುಗಿ ಹೇಳಿತು. ಕಾವಲಿನ ಹುಡುಗರು ಬಂದೂಕು ಎತ್ತಿ ಓಡಿಬಂದರು. ಎರಡನೆಯ ಸಲ ಕೂಗುವಾಗ ಒಬ್ಬ ಅವರ ಕೊರಳಪಟ್ಟಿ ಹಿಡಿದಿದ್ದ. ಮೂರನೆಯ ಸಲಕ್ಕೆ ಇನ್ನೊಬ್ಬ ಬಾಯಿಯ ಮೇಲೆ ಕೈ ಒತ್ತಿದ. ಆ ಕೈಯ ಒಳಗಿನಿಂದಲೇ ಕೂಗಿದರು. ಟೋಪಿ ಕೆಸರಲ್ಲಿ ಬಿತ್ತು.

ಅವರು ತಮ್ಮ ಬೇರನ್ನು ಮೊದಲೇ ಅರ್ಧ ಬಿಡಿಸಿಟ್ಟಿದ್ದರು. ಎಳೆದೊಯ್ಯುವಾಗ ಬಗ್ಗಿ ಅದನ್ನು ಎತ್ತಿ ನನಗೆ ತೋರಿಸಿದರು. ನನ್ನದಕ್ಕಿಂತ ತೆಳ್ಳಗಿದೆ, ಒಂದು ಕಾಲು ಸೊಟ್ಟ. ಆದರೆ ಆರು ವರ್ಷದ ಆರೋಗ್ಯದ ಬೇರು, ಕೊನೆಯ ಎರಡು ವರ್ಷ ಅವರ ಸ್ವಂತ ಕೈಯ ಕೆಲಸ. ನಾನು ಸುಮ್ಮನಿರಲಾರದೆ ಹೋದೆ. “ಅದು ವಾಂಗ್ ಮನೆಯ ಬೇರು” ಎಂದು ಕೂಗಿದೆ. ಮೂರು ತಲೆಮಾರು ಆ ಮಾತು ಕೇಳಿದವರು ನಾವು. ಈ ಸಲ ಅದು ನಿಜವಾಗಿತ್ತು, ಅದಕ್ಕೇ ನನ್ನ ಬಾಯಲ್ಲಿ ಬಂತು. ಪೊಲೀಸರು ಕೇಳುವ ಸಂಕೇತ ಇಷ್ಟೇ.

ನನ್ನನ್ನೂ ಎರಡು ದಿನ ಕೂರಿಸಿ ಕೇಳಿದರು. ಕಾರ್ಯದರ್ಶಿ ಕಾಗದ, ಪೆನ್ನು ಹಿಡಿದು ಕೂತಿದ್ದ.

“ಆ ಜಮೀನ್ದಾರ ಕೂಗಿದ್ದೇನು?”

“ನೀನೂ ಅಲ್ಲೇ ಇದ್ಯಲ್ಲಪ್ಪ. ನನ್ನ ಹೆಸರು.”

“ಬರೀ ಹೆಸರಿಗೆ ಮನುಷ್ಯ ಜೈಲಿಗೆ ಹೋಗ್ತಾನಾ? ಅದರಲ್ಲಿ ಏನೋ ಗುಟ್ಟಿರ್ಬೇಕು.”

“ಗುಟ್ಟೇನಿಲ್ಲ. ನಂಗೀಗ ಐವತ್ತೆಂಟು ವರ್ಷ. ನನ್ನ ಹೆಸರನ್ನ ಅವರು ಹೇಳಿದ್ದು ಇದೇ ಮೊದಲು.”

ಅವನು ಪೆನ್ನು ಕೆಳಗಿಟ್ಟ. ನನ್ನನ್ನು ಮನೆಗೆ ಕಳಿಸಿದ. ಬೇರು ಪ್ಯೊಂಗ್ಯಾಂಗ್‌ಗೆ ಹೋಯಿತು. ಅಲ್ಲಿ ಏನೆಂದು ಬರೆದು ತೂಗುಹಾಕುತ್ತಾರೋ, ಬರೆದುಕೊಳ್ಳಲಿ.

ಅವರು ಮನೆಗೆ ಬಂದ ಮೇಲೆ ಒಂದು ಮಾತು ಹೇಳಿ ಅಮ್ಮ. ಬಾಯಿ ಮುಚ್ಚಿದ್ದರಿಂದ ಮೂರನೆಯದು ನನಗೆ ಮುಟ್ಟಲಿಲ್ಲವೇನೋ ಎಂದು ಅವರು ಕೊರಗುತ್ತಿರಬಹುದು. ಮೂರನೆಯದೂ ಕೇಳಿಸಿತು ಎಂದು ಹೇಳಿ.

ಮಾ ಹಾಕ್ಸು